ಹಳೆಯ ಬಿರಿಯ ಬೆಲೆ

ಹಳೆಯದನ್ನು ಕೊಳ್ಳುವವನ ಕಷ್ಟವನ್ನು ಕುರಿತು ನಮ್ಮಲ್ಲಿ ಬೇಕಾದಷ್ಟು ಮಾತುಗಳಿವೆ. ಎತ್ತಿನ ಹಲ್ಲು ಎಣಿಸುವುದರಿಂದ ಹಿಡಿದು, ಹಳೆಯ ಮನೆಯ ತೊಲೆಯನ್ನು ಬೆರಳಿನಿಂದ ಬಡಿದು ಒಳಗಿನ ಗೆದ್ದಲನ್ನು ಕಿವಿಯಿಂದಲೇ ಕಂಡುಹಿಡಿಯುವವರೆಗೆ, ಕೊಳ್ಳುವವನು ಪಾರಾಗುವ ಉಪಾಯಗಳನ್ನು ಹಿರಿಯರು ಕಲಿಸಿಕೊಟ್ಟಿದ್ದಾರೆ. ಮಾರುವವನ ಕಷ್ಟವನ್ನು ಮಾತ್ರ ಯಾರೂ ಹೇಳಿದಂತೆ ಕಾಣೆ. ಮಾರುವವನಿಗೆ ಕಷ್ಟವೆಲ್ಲಿಯದು, ಬಂದದ್ದೆಲ್ಲ ಲಾಭವೇ ಅಲ್ಲವೆ, ಎಂದು ನಾನೂ ಎಣಿಸಿದ್ದೆ. ಮಳೆಗಾಲದ ಮೊದಲ ವಾರದಲ್ಲಿ ಇಡಗುಂದಿಯ ಮನೆಯ ಜಗಲಿಯ ಮೇಲೆ ಒಂದು ಗೋಣಿಚೀಲವನ್ನು ಮಗುಚಿ, ಅದರಿಂದ ಉರುಳಿಬಿದ್ದ ಕಬ್ಬಿಣದ ಸಾಮಾನಿಗೆ ಬೆಲೆ ಕಟ್ಟಲು ಕುಳಿತ ಮೇಲೆ ಆ ಎಣಿಕೆ ತಪ್ಪಿತು.

ಚೀಲದಲ್ಲಿದ್ದುದು ಒಂದು ಹಳೆಯ ಕಾರಿನ ಮುಂದಿನ ಎರಡು ಚಕ್ರಗಳ ಬ್ರೇಕು. ಕನ್ನಡದಲ್ಲಿ ಇದಕ್ಕೆ ‘ಬಿರಿ’ ಎಂಬ ಮಾತಿದೆ. ಗಾಡಿಯ ಕಾಲದ ಮಾತು. ಇಳಿಜಾರಿನಲ್ಲಿ ಗಾಲಿ ತನ್ನಷ್ಟಕ್ಕೆ ಓಡದಂತೆ ಮರದ ತುಂಡನ್ನು ಅದಕ್ಕೆ ಒತ್ತಿ ಹಿಡಿಯುವ ಸಾಧನದ ಹೆಸರು. ತರಗತಿಯಲ್ಲಿ ಈ ಮಾತನ್ನಾಡಿದರೆ ವಿದ್ಯಾರ್ಥಿಗಳು ಮುಸಿಮುಸಿ ನಗುತ್ತಾರೆ. ಮೇಸ್ತ್ರಿಯ ಮುಂದೆ ಆಡಿದರೆ ಅವನು ನನ್ನನ್ನೇ ಅನುಮಾನದಿಂದ ನೋಡುತ್ತಾನೆ. ಆದ್ದರಿಂದ ಬ್ರೇಕು ಎಂದೂ ಬಿರಿ ಎಂದೂ ಎರಡನ್ನೂ ಬಳಸುತ್ತೇನೆ, ವಾಚಕರು ಮನ್ನಿಸಬೇಕು.

ಕಾರು ನನ್ನ ಸೋದರಮಾವನದು. 1966ರ ಸ್ಟ್ಯಾಂಡರ್ಡ್ ಹೆರಾಲ್ಡ್, ಎರಡೇ ಬಾಗಿಲಿನದು, ಮೈಸೂರು ರಾಜ್ಯದ ಕಾಲದ ‘ಎಂ.ವೈ.’ ಅಕ್ಷರಗಳನ್ನು ಇನ್ನೂ ಹಣೆಯ ಮೇಲೆ ಹೊತ್ತಿರುವುದು. ಆಗ ನಮ್ಮ ದೇಶದಲ್ಲಿ ಕಾರು ಕೊಳ್ಳುವವರ ಮುಂದೆ ಇದ್ದ ಹೆಸರುಗಳು ಮುಖ್ಯವಾಗಿ ಮೂರೇ. ಅಂಬಾಸಿಡರಿನಲ್ಲಿ ಸರಕಾರದ ಗಾಂಭೀರ್ಯವಿತ್ತು, ಫಿಯಟ್ಟು ಸಂಸಾರವಂದಿಗರದು, ಹೆರಾಲ್ಡು ತರುಣರ ಕನಸು. ಇಟಲಿಯ ಜೊವಾನಿ ಮಿಕೆಲೊಟ್ಟಿ ರೂಪು ಕೊಟ್ಟ ಈ ವಾಹನ 1959ರಲ್ಲಿ ಇಂಗ್ಲೆಂಡಿನಲ್ಲಿ ಟ್ರಯಂಫ್ ಹೆರಾಲ್ಡ್ ಎಂಬ ಹೆಸರಿನಿಂದ ಹೊರಬಂದಿತು. 1961ರಿಂದ ಮದರಾಸಿನ ಸ್ಟ್ಯಾಂಡರ್ಡ್ ಕಂಪನಿ ಅದನ್ನು ನಮ್ಮಲ್ಲಿಯೇ ತಯಾರಿಸಿತು. ಇದರದೇ ಚೌಕಟ್ಟನ್ನು ಮೋಟು ಮಾಡಿ, ಮೇಲೆ ತೆಳ್ಳನೆಯ ಮೈ ಕೂರಿಸಿ, 1962ರಲ್ಲಿ ಇಂಗ್ಲೆಂಡಿನ ಟ್ರಯಂಫ್ ಕಂಪನಿಯವರು ಸ್ಪಿಟ್‌ಫೈರ್ ಎಂಬ ಸ್ಪೋರ್ಟ್ಸ್ ಕಾರನ್ನು ಮಾಡಿದರು. ಹಾಗಾಗಿ ಹೆರಾಲ್ಡನ್ನು ಸ್ಪೋರ್ಟ್ಸ್ ಕಾರಿನ ಅಣ್ಣನೆಂದರೆ ತಪ್ಪಿಲ್ಲ. ಮದರಾಸಿನ ಬಳಿಯ ಷೋಲಾವರಂ ವಿಮಾನಪಟ್ಟಿಯ ಓಟಗಳಲ್ಲಿ ಹೆರಾಲ್ಡುಗಳೂ ಓಡಿದ್ದುಂಟು. ಅಂಥ ವಾಹನವನ್ನು ನನ್ನ ಮಾವ ಅಡಿಕೆ ತೋಟದ ನಡುವೆ ತಂದಿಟ್ಟುಕೊಂಡಿದ್ದರು. ಅದರ ಮುಂಭಾಗದ ಹೊದಿಕೆ ಇಡಿಯಾಗಿ ಮುಂದಕ್ಕೆ ಮಗುಚಿಕೊಳ್ಳುತ್ತದೆ. ಇಂಜಿನ್ನು, ಚಕ್ರ, ಸ್ಪ್ರಿಂಗು ಎಲ್ಲ ಒಮ್ಮೆಲೇ ಕಣ್ಣಿಗೆ ಬೀಳುತ್ತವೆ. ಮಾವ ಅದನ್ನು ಎತ್ತಿದರೆಂದರೆ ಕೇರಿಯ ಹುಡುಗರೆಲ್ಲ ಯಕ್ಷಗಾನದ ಚೌಕಿಯೊಳಕ್ಕೆ ಇಣುಕುವ ಹಾಗೆ ಸುತ್ತ ಮುತ್ತುತ್ತಿದ್ದೆವು.

ಸ್ಪೋರ್ಟ್ಸ್ ಕಾರಿನ ಅಣ್ಣನಾದರೂ ಇಡಗುಂದಿಯಲ್ಲಿ ಅದು ಮಾಡಿದ ಕೆಲಸ ಬೇರೆ. ರಾತ್ರಿ ಹೊಟ್ಟೆನೋವು ಬಂದವರು, ಹಾವು ಕಚ್ಚಿಸಿಕೊಂಡವರು, ಹೆರಿಗೆಗೆ ಹೊರಟವರು, ಎಲ್ಲರಿಗೂ ಅದೇ ವಾಹನ. ಮೇಲಕ್ಕೆ ಹೋದರೆ ಯಲ್ಲಾಪುರ, ಕೆಳಕ್ಕೆ ಇಳಿದರೆ ಅಂಕೋಲೆ.

ಕೆಳಕ್ಕೆ ಇಳಿಯುವುದೆಂದರೆ ಅರಬೈಲ್ ಘಟ್ಟ. ಹುಬ್ಬಳ್ಳಿಯಿಂದ ಅಂಕೋಲೆಗೆ ಹೋಗುವ ಹೆದ್ದಾರಿ ಇದು. ಹಿಂದೆ ಅದರ ಸಂಖ್ಯೆ 63 ಇತ್ತು, ಈಗ 52. ಒಂದು ಕಾಲಕ್ಕೆ ಬೇಲೇಕೇರಿ ಬಂದರಿಗೆ ಅದಿರು ಹೊತ್ತ ಲಾರಿಗಳ ಸಾಲು ಇಲ್ಲಿ ಹಗಲಿರುಳೂ ಇಳಿಯುತ್ತಿತ್ತು. 2021ರ ಜುಲೈ ತಿಂಗಳ ಮಳೆಯಲ್ಲಿ ಗುಡ್ಡ ಕುಸಿದು ಘಟ್ಟವೇ ಮುಚ್ಚಿತು. ಗುಳ್ಳಾಪುರದ ಸೇತುವೆ ಗಂಗಾವಳಿಯ ಪಾಲಾಯಿತು. 2025ರ ಜನವರಿ 22ರ ನಸುಕಿನಲ್ಲಿ, ಸವಣೂರಿನಿಂದ ಕುಮಟೆಯ ಸಂತೆಗೆ ತರಕಾರಿ ಹಣ್ಣು ತುಂಬಿಕೊಂಡು ಹೊರಟ ಲಾರಿಯೊಂದು ಯಲ್ಲಾಪುರ ತಾಲ್ಲೂಕಿನ ಇದೇ ದಾರಿಯಲ್ಲಿ ಕಂದರಕ್ಕೆ ಉರುಳಿ ಹತ್ತು ಮಂದಿ ತೀರಿಕೊಂಡರು. ಅದಕ್ಕೆ ಬಿರಿ ಕಾರಣವಲ್ಲ; ಇನ್ನೊಂದು ವಾಹನಕ್ಕೆ ದಾರಿ ಬಿಡಲು ಹೋಗಿ ಆದ ಅನಾಹುತವೆಂದು ವರದಿಯಾಯಿತು. ಆದರೂ ಈ ದಾರಿಯ ಬಳಿ ಬಾಳುವವರು ವಾಹನದ ಕುರಿತು ಮಾತನಾಡುವಾಗ ಮೊದಲು ಕೇಳುವ ಪ್ರಶ್ನೆ ಅದು ಎಷ್ಟು ಓಡುತ್ತದೆ ಎಂಬುದಲ್ಲ, ಎಲ್ಲಿ ನಿಲ್ಲುತ್ತದೆ ಎಂಬುದು.

ಎರಡು ವರ್ಷದ ಹಿಂದೆ, ದೀಪಾವಳಿಯ ರಜೆಯಲ್ಲಿ, ಆ ಪ್ರಶ್ನೆಗೆ ನನಗೆ ಉತ್ತರ ಸಿಕ್ಕಲಿಲ್ಲ. ಮಾವ ತೀರಿಕೊಂಡ ಮೇಲೆ ಕಾರು ನನ್ನ ಪಾಲಿಗೆ ಬಂದಿತ್ತು. ಪಕ್ಕದಲ್ಲಿ ಹನ್ನೊಂದು ವರ್ಷದ ಮಗಳು. ಮುಂದೊಂದು ಲಾರಿ. ಎರಡನೆಯ ಗೇರಿನಲ್ಲಿ ಇಳಿಯಬೇಕಾದ ಕಡೆ ಮೂರನೆಯದರಲ್ಲೇ ಇದ್ದು, ಉಳಿದ ಭಾರವನ್ನೆಲ್ಲ ಬ್ರೇಕಿನ ಮೇಲೆ ಹಾಕುತ್ತ ಬಂದದ್ದು ನನ್ನ ತಪ್ಪು. ಅರ್ಧ ಘಟ್ಟಕ್ಕೆ ಸುಟ್ಟ ವಾಸನೆ. ಪೆಡಲು ಕಲ್ಲಿನಂತೆ ಗಟ್ಟಿ. ಒತ್ತಿದರೆ ಒತ್ತಿಸಿಕೊಳ್ಳುವುದಿಲ್ಲ, ಕಾರು ನಿಲ್ಲುವುದೂ ಇಲ್ಲ. ಗೇರನ್ನು ಕೆಳಕ್ಕೆ ಎಳೆದು, ಕೈಬ್ರೇಕನ್ನು ಹಿಡಿದು, ಗುಡ್ಡದ ಕಡೆಯ ಮಣ್ಣಿಗೆ ಮೈ ಉಜ್ಜಿಸಿ ನಿಲ್ಲಿಸಿದೆ. ಮಗಳಿಗೆ ಏನೂ ತಿಳಿಯಲಿಲ್ಲ. “ಇಲ್ಲೆಂತಕ್ಕೆ ನಿಲ್ಲಿಸಿದ್ದು?” ಎಂದಳು. ಇಲ್ಲಿಂದ ಕಣಿವೆ ಚೆನ್ನಾಗಿ ಕಾಣುತ್ತದೆ ಎಂದೆ.

ನನ್ನ ಜೊತೆಯ ಭೌತಶಾಸ್ತ್ರದ ಅಧ್ಯಾಪಕರಿಗೆ ಇದನ್ನು ಹೇಳಿದಾಗ ಅವರು ಕಾಗದ ತೆಗೆದುಕೊಂಡು ಲೆಕ್ಕ ಹಾಕಿದರು. ಹೆರಾಲ್ಡಿನ ತೂಕ ಸುಮಾರು 800 ಕಿಲೋ. ಜನ, ಸಾಮಾನು ಸೇರಿ ಒಂದು ಟನ್ನು ಎನ್ನೋಣ. ಈ ಒಂದು ಟನ್ನು ನೂರು ಮೀಟರ್ ಕೆಳಗಿಳಿದರೆ, ಅದರಿಂದ ಹುಟ್ಟುವ ಶಾಖ ಮೂರು ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರಲು ಸಾಕು. ಗಾಳಿ, ಇಂಜಿನ್ನು ಸ್ವಲ್ಪ ಹಂಚಿಕೊಳ್ಳುತ್ತವೆ. ಉಳಿದದ್ದನ್ನೆಲ್ಲ ನುಂಗಬೇಕಾದದ್ದು ಬಿರಿ. ಹಳೆಯ ಬಿರಿಯಲ್ಲಿ ಚಕ್ರದೊಂದಿಗೆ ತಿರುಗುವ ಬೀಡುಕಬ್ಬಿಣದ ಡ್ರಮ್ಮು, ಅಂದರೆ ಮುಚ್ಚಿದ ಪಾತ್ರೆಯಂಥದು. ಒಳಗಿನಿಂದ ಎರಡು ಬಾಗಿದ ಪಟ್ಟಿಗಳು, ಇವಕ್ಕೆ ಷೂ ಎನ್ನುತ್ತಾರೆ, ಹೊರಕ್ಕೆ ಅಗಲಿ ಅದರ ಗೋಡೆಗೆ ಒತ್ತುತ್ತವೆ. ಕಾದಂತೆ ಡ್ರಮ್ಮು ಹಿಗ್ಗಿ ಷೂಗಳಿಂದ ದೂರ ಸರಿಯುತ್ತದೆ. ಷೂಗಳ ಮೇಲಿನ ಲೈನಿಂಗು ಬಿಸಿಯಲ್ಲಿ ಹಿಡಿತ ಬಿಡುತ್ತದೆ. ಡಿಸ್ಕಿನದು ಇದರ ತಿರುಗುಮುರುಗು: ಬಯಲಿನಲ್ಲಿ ತಿರುಗುವ ಒಂದು ತಟ್ಟೆ, ಎರಡು ಕಡೆಯಿಂದ ಅದನ್ನು ಚಿವುಟುವ ಪ್ಯಾಡುಗಳು. ಗಾಳಿ ತಾಗುತ್ತಲೇ ಇರುತ್ತದೆ. ಕಾದು ಹಿಗ್ಗಿದರೆ ತಟ್ಟೆ ಪ್ಯಾಡಿನ ಹತ್ತಿರಕ್ಕೇ ಬರುತ್ತದೆ. ಇಂಗ್ಲೆಂಡಿನ ಲ್ಯಾಂಚೆಸ್ಟರ್ ಎಂಬಾತ 1902ರಲ್ಲಿಯೇ ಇದಕ್ಕೆ ಪೇಟೆಂಟು ಪಡೆದಿದ್ದ. ಆದರೆ ಲೋಕ ನಂಬಿದ್ದು 1953ರಲ್ಲಿ, ಡಿಸ್ಕು ತೊಟ್ಟ ಜಾಗ್ವಾರ್ ಕಾರು ಫ್ರಾನ್ಸಿನ ಲ ಮಾನ್ ಎಂಬಲ್ಲಿ ಇಪ್ಪತ್ತನಾಲ್ಕು ಗಂಟೆಯ ಓಟವನ್ನು ಗೆದ್ದ ಮೇಲೆ. ಐವತ್ತು ವರ್ಷ ತಡ! ನಮ್ಮ ಹಸ್ತಪ್ರತಿಗಳು ಅಟ್ಟದ ಮೇಲೆ ಕಾಯುವುದನ್ನು ಕಂಡ ನನಗೆ ಇದು ಆಶ್ಚರ್ಯವೆನಿಸಲಿಲ್ಲ.

ಅಂತೂ ಡಿಸ್ಕು ಹಾಕಿಸುವುದೆಂದು ತೀರ್ಮಾನಿಸಿದೆ. ಇಂಗ್ಲೆಂಡಿನಲ್ಲಿ ಬೇಕೆಂದವರ ಹೆರಾಲ್ಡಿಗೆ ಕಂಪನಿಯೇ ಇದನ್ನು ಹಾಕಿಕೊಡುತ್ತಿದ್ದುದರಿಂದ ಸಾಮಾನಿಗೆ ಕೊರತೆಯಿಲ್ಲ. ಆ ದೇಶದಲ್ಲಿ ಹಳೆಯ ಟ್ರಯಂಫ್ ಕಾರುಗಳ ಅಭಿಮಾನಿಗಳು ಎಷ್ಟಿದ್ದಾರೆಂದರೆ ಕಂಪನಿ ಮುಚ್ಚಿ ದಶಕಗಳಾದರೂ ಬಿಡಿಭಾಗಗಳು ಇಂದಿಗೂ ಹೊಸದಾಗಿ ತಯಾರಾಗುತ್ತವೆ. ತರಿಸಿದ್ದಕ್ಕೆ, ಸುಂಕಕ್ಕೆ, ಕೂಲಿಗೆ ನಾನು ತೆತ್ತದ್ದನ್ನು ಮನೆಯಲ್ಲಿ ಇನ್ನೂ ಪೂರ್ತಿ ಹೇಳಿಲ್ಲ. ಯಲ್ಲಾಪುರದ ಮೇಸ್ತ್ರಿಗೆ ಹದಿನಾಲ್ಕು ಸಾವಿರ ಬಾಕಿ ಉಳಿಯಿತು. “ಹಳೇ ಸಾಮಾನು ಮಾರಿ ಕೊಡಿ ಸರ್, ಅವಸರ ಇಲ್ಲ” ಎಂದು ಗೋಣಿಚೀಲವನ್ನು ಅವನೇ ಹಿಂದಿನ ಸೀಟಿಗೆ ಎತ್ತಿಹಾಕಿದ.

ಹೀಗೆ ನಾನು ವ್ಯಾಪಾರಿಯಾದೆ.

ಮೊದಲು ಬಂದವನು ಗುಜರಿಯವನು. ಅವನ ಲೆಕ್ಕ ಸರಳ: ಕಬ್ಬಿಣ ಎಷ್ಟು ಕಿಲೋ? ಹೆರಾಲ್ಡಾದರೂ ಅಷ್ಟೇ, ಹರಿದ ಬೋಗುಣಿಯಾದರೂ ಅಷ್ಟೇ. ಅವನನ್ನು ನಾನು ತುಸು ತಾತ್ಸಾರದಿಂದ ಕಳಿಸಿದೆ. ಏಕೆಂದರೆ ಹಳೆಯ ಕಾರುಗಳಿಗೆ ಈಗ ಬೆಲೆ ಬಂದಿರುವುದು ನನಗೆ ಗೊತ್ತಿತ್ತು. 2021ರಲ್ಲಿ ಕೇಂದ್ರ ಸರಕಾರ ಐವತ್ತು ವರ್ಷ ಮೀರಿದ ವಾಹನಗಳಿಗೆ ‘ವಿಂಟೇಜ್’ ಎಂಬ ಪ್ರತ್ಯೇಕ ನೋಂದಣಿಯನ್ನು ತಂದಿತು; ಇಂಜಿನ್ನು, ಚೌಕಟ್ಟು, ಮೈ ಮೂಲರೂಪದಲ್ಲೇ ಇರಬೇಕೆಂಬುದು ಅದರ ನಿಯಮ. ಮೂಲದ್ದು ಎಂಬ ಮಾತಿಗೆ ಆಸಕ್ತರಲ್ಲಿ ಬೆಲೆ ಏರಿತು. ಇಂಗ್ಲೆಂಡಿನ ಹೊಸ ಸಾಮಾನಿಗಿಂತ ಮದರಾಸಿನ ಹಳೆಯ ಡ್ರಮ್ಮೇ ಬೇಕು ಎನ್ನುವವರೂ ಉಂಟು.

ಡ್ರಮ್ಮುಗಳನ್ನು ತೊಳೆದೆ. ತುಕ್ಕನ್ನು ತಂತಿಯ ಬ್ರಷ್ಷಿನಿಂದ ತಿಕ್ಕಿ, ಹೊರಮೈಗೆ ಕಪ್ಪು ಬಣ್ಣ ಬಳಿದೆ. ಬಿಸಿಲಿಗಿಟ್ಟು ಫೋಟೋ ತೆಗೆದೆ. ಎಷ್ಟು ಚೆನ್ನಾಗಿ ಕಂಡವೆಂದರೆ ಮಾರಲು ನನಗೇ ಮನಸ್ಸು ಬಾರದಂತಾಯಿತು. ಗೆಳೆಯರಿಂದ ಗೆಳೆಯರಿಗೆ ಸುದ್ದಿ ಹೋಗಿ, ಮೂರನೆಯ ದಿನ ಹುಬ್ಬಳ್ಳಿಯಿಂದ ಒಬ್ಬ ತರುಣನ ಫೋನು ಬಂದಿತು. ಯಾವುದೋ ಹಳ್ಳಿಯ ಹುಲ್ಲಿನ ಕೊಟ್ಟಿಗೆಯಲ್ಲಿ ಬಿದ್ದಿದ್ದ ಹೆರಾಲ್ಡನ್ನು ಕೊಂಡಿದ್ದನಂತೆ. ಅವನ ತಂದೆ ಮದುವೆಯಾದ ಹೊಸತರಲ್ಲಿ ಅಂಥದೇ ಕಾರಿನಲ್ಲಿ ಗೋಕರ್ಣಕ್ಕೆ ಹೋಗಿದ್ದರು. ಶ್ರಾವಣದಲ್ಲಿ ಅವರಿಗೆ ಎಪ್ಪತ್ತು ತುಂಬುತ್ತದೆ. ತಂದೆ ತಾಯಿಯನ್ನು ಮತ್ತೆ ಅದೇ ದಾರಿಯಲ್ಲಿ ಗೋಕರ್ಣಕ್ಕೆ ಕರೆದೊಯ್ಯಬೇಕು. ಎಲ್ಲ ಸಿದ್ಧವಾಗಿದೆ, ಬ್ರೇಕು ಮಾತ್ರ ಇಲ್ಲ. “ಡ್ರಮ್ಮು ಹೆಂಗದಾವ್ರಿ ಸರ?” ಎಂದು ಕೇಳಿದ.

“ಎರಡೂ ಚೆನ್ನಾಗಿವೆ” ಎಂದೆ. ಹದಿನೆಂಟು ಸಾವಿರಕ್ಕೆ ಮಾತಾಯಿತು.

ನಾನು ಸುಳ್ಳು ಹೇಳಲಿಲ್ಲ. ಕಣ್ಣಿಗೆ ಅವು ಚೆನ್ನಾಗಿಯೇ ಇದ್ದವು. ಆದರೆ ಹುಬ್ಬಳ್ಳಿಯಿಂದ ಗೋಕರ್ಣಕ್ಕೆ ಹೋಗುವ ಆ ದಾರಿ ಎಲ್ಲಿ ಹಾದು ಹೋಗುತ್ತದೆ ಎಂಬುದು ಫೋನು ಇಟ್ಟ ಮೇಲೆ ಹೊಳೆಯಿತು. ನಮ್ಮ ಮನೆಯ ಮುಂದೆಯೇ ಹಾದು, ಅರಬೈಲ್ ಇಳಿದು ಹೋಗುತ್ತದೆ.

ಸಂಜೆ ಅತ್ತೆ ಜಗಲಿಗೆ ಬಂದು ಬಣ್ಣ ಬಳಿದ ಡ್ರಮ್ಮುಗಳನ್ನು ನೋಡುತ್ತ ನಿಂತರು. ಎಂಬತ್ತರ ಹತ್ತಿರದ ಅವರಿಗೆ ನಾನು ಇನ್ನೂ ಮಾಣಿಯೇ. “ಮಾಣಿ, ಇದು ಯಾರ ಕೈಗೆ ಹೋಗ್ತು?” ಎಂದರು. ಹೇಳಿದೆ. “ಎಡಬದಿದು ಯಾವುದು ಇದ್ರಲ್ಲಿ?” ಎಂಬುದು ಮುಂದಿನ ಪ್ರಶ್ನೆ. ಗೊತ್ತಿಲ್ಲವೆಂದೆ. ಮಾವ ಒಂದು ಸಲ ಅಂಕೋಲೆಯಿಂದ ಬರುವಾಗ ಎಡ ಚಕ್ರ ಕಿರುಚುತ್ತಿದ್ದರೂ ನಿಲ್ಲಿಸದೆ ಬಂದಿದ್ದರಂತೆ. ಹಿಂದಿನ ಸೀಟಿನಲ್ಲಿ ಬಾಣಂತಿ, ಹೊರಗೆ ಮಳೆ. ಲೈನಿಂಗು ಪೂರಾ ಸವೆದು, ಅದನ್ನು ಹಿಡಿದಿದ್ದ ರಿವಿಟ್ಟುಗಳು ಡ್ರಮ್ಮಿನ ಒಳಗೋಡೆಯನ್ನು ಗೀರಿಬಿಟ್ಟಿದ್ದವು. ಆಮೇಲೆ ಅದೊಂದನ್ನೇ ಲೇತಿಗೆ ಹಾಕಿ ತರಿಸಿದ್ದರಂತೆ, ಒಂದು ಸಲವಲ್ಲ. ಅತ್ತೆಗೆ ಮೋಟಾರಿನ ವಿಷಯ ಏನೂ ತಿಳಿಯದು. ಆದರೆ ಲೇತಿನವನಿಗೆ ಕೊಟ್ಟ ದುಡ್ಡಿನ ನೆನಪು ಅವರಿಗೆ ಚೆನ್ನಾಗಿ ಇತ್ತು.

ಮರುದಿನ ಎರಡನ್ನೂ ಯಲ್ಲಾಪುರದ ಲೇತ್ ಅಂಗಡಿಗೆ ಒಯ್ದೆ. ಡ್ರಮ್ಮಿನ ಮೂಲ ಒಳ ಅಗಲ ಎಂಟು ಅಂಗುಲ, ಎಂದರೆ 203 ಮಿಲಿಮೀಟರಿಗೆ ಕೂದಲೆಳೆ ಹೆಚ್ಚು. ಗೀರು ಬಿದ್ದಾಗಲೆಲ್ಲ ಒಳಗೋಡೆಯನ್ನು ಕೆತ್ತಿ ನುಣುಪು ಮಾಡುತ್ತಾರೆ. ಕೆತ್ತಿದಷ್ಟೂ ಗೋಡೆ ತೆಳುವಾಗುತ್ತದೆ, ಶಾಖ ನುಂಗುವ ಕಬ್ಬಿಣ ಕಡಿಮೆಯಾಗುತ್ತದೆ. ಒಟ್ಟು ಅಗಲದಲ್ಲಿ ಒಂದೂವರೆ ಮಿಲಿಮೀಟರಿಗಿಂತ ಹೆಚ್ಚು ಕೆತ್ತಬಾರದೆಂಬುದು ಇಂಥ ಚಿಕ್ಕ ಡ್ರಮ್ಮುಗಳಿಗೆ ಕಸಬಿನವರು ಪಾಲಿಸುವ ಮಿತಿ. ಒಂದು ಡ್ರಮ್ಮು 203.9 ಬಂದಿತು. ಇನ್ನೊಂದು 205.6. ಲೇತಿನವನು ಕ್ಯಾಲಿಪರನ್ನು ಇನ್ನೊಮ್ಮೆ ಇಟ್ಟು ನೋಡಿ, “ಇದು ಮುಗೀತು” ಎಂದು ಬದಿಗೆ ಸರಿಸಿದ. ಹೊರಗಿನ ಕಪ್ಪು ಬಣ್ಣ ಎರಡರ ಮೇಲೂ ಒಂದೇ ಹಾಗೆ ಮಿನುಗುತ್ತಿತ್ತು. ಅರ್ಥಾತ್, ನಾನು ಮಗಳನ್ನು ಕೂರಿಸಿಕೊಂಡು ಇಳಿದದ್ದು ಇದರ ಮೇಲೆ.

ಹುಬ್ಬಳ್ಳಿಗೆ ಫೋನು ಮಾಡಿ, ಒಂದು ಕೆಟ್ಟಿದೆ, ಮಾರುವಂತಿಲ್ಲ ಎಂದೆ. ಅವನು ಸುಲಭಕ್ಕೆ ಒಪ್ಪಲಿಲ್ಲ. “ಇರ್ಲಿ ತಗೋರಿ ಸರ, ಅದನ್ನೂ ಕೊಟ್ಟಬಿಡ್ರಿ. ದಪ್ಪ ಲೈನಿಂಗ್ ಹಾಕಿಸಿ ಹೊಂದಿಸ್ತೀನಿ. ಒಂದ ದಿನದ ಪ್ರವಾಸ ಅಷ್ಟ.” ದಪ್ಪ ಲೈನಿಂಗು ಹಾಕಿದರೆ ಷೂ ಗೋಡೆಗೆ ಮುಟ್ಟುತ್ತದೆ, ನಿಜ. ಗೋಡೆ ಮಾತ್ರ ದಪ್ಪವಾಗುವುದಿಲ್ಲ. ಅದನ್ನು ಹೇಳಿದೆ. ಅವನಿಗೆ ಸಿಟ್ಟು ಬಂದಿತು. ಮಾತು ಕೊಟ್ಟು ತಪ್ಪುತ್ತೀರಿ, ಹೆಚ್ಚು ಕೊಡುವವರು ಸಿಕ್ಕಿರಬೇಕು, ಎಂದ.

ಹೆಚ್ಚು ಕೊಡುವವರು ಸಿಕ್ಕಿದ್ದರು ಎಂಬುದೇ ವಿಪರ್ಯಾಸ. ಅದೇ ವಾರ ಬೆಂಗಳೂರಿನ ಸಂಗ್ರಹಕಾರರೊಬ್ಬರು ಜೋಡಿಗೆ ಇಪ್ಪತ್ತೆರಡು ಸಾವಿರ ಹೇಳಿದರು. ಅಳತೆ ಕೇಳಿಸಿಕೊಂಡೂ ಚಿಂತೆಯಿಲ್ಲವೆಂದರು. ಅವರ ಕಾರು ಓಡುವುದಿಲ್ಲ, ನೋಡುವವರಿಗಾಗಿ ನಿಂತಿರುತ್ತದೆ. ಧರ್ಮಸ್ಥಳದ ಕಾರುಗಳ ಸಂಗ್ರಹವನ್ನು ನಾನು ಹಲವು ಸಲ ನೋಡಿದ್ದೇನೆ. ನಿಂತ ಕಾರಿಗೆ ಬಿರಿಯ ಹಂಗಿಲ್ಲ, ಅದು ನಿಜವೇ. ಎರಡು ರಾತ್ರಿ ಈ ಆಸೆ ನನ್ನನ್ನು ಕಾಡಿತು. ಮೇಸ್ತ್ರಿಯ ಬಾಕಿ ತೀರಿ ಎಂಟು ಸಾವಿರ ಉಳಿಯುತ್ತಿತ್ತು, ಸತ್ಯವನ್ನೂ ಹೇಳಿಯಾಗಿತ್ತು, ದೋಷವೆಲ್ಲಿ? ಆದರೆ ಆ ಮಹನೀಯರ ಕೈ ದಾಟಿದ ಮೇಲೆ? ಅವರ ಮಕ್ಕಳಿಗೆ ಕಾರು ಬೇಡವಾಗಿ ಮಾರಿದ ಮೇಲೆ? ಅಳತೆಯ ಚೀಟಿ ಡ್ರಮ್ಮಿನ ಜೊತೆ ಎಷ್ಟು ದೂರ ಹೋದೀತು? ಶಾಸನವಾದರೆ ಕಲ್ಲಿನ ಮೇಲೆಯೇ ಕೆತ್ತಿರುತ್ತಾರೆ. ಈ ಡ್ರಮ್ಮಿನ ಮೇಲೆ ಕಂಪನಿಯವರು ಮಿತಿಯನ್ನು ಕೆತ್ತಿರಲಿಲ್ಲ, ನಾನು ಕೆತ್ತಿದರೂ ಇನ್ನೊಬ್ಬನು ಬಣ್ಣ ಬಳಿಯಬಹುದು. ಬಣ್ಣ ಬಳಿಯುವುದು ಎಷ್ಟು ಸುಲಭವೆಂಬುದು ನನಗೆ ಗೊತ್ತಿದೆ.

ಮೂರನೆಯ ದಿನ ಬೆಳಿಗ್ಗೆ ಹಿತ್ತಿಲಿನ ಕಲ್ಲಿನ ಮೇಲೆ 205.6ರ ಡ್ರಮ್ಮನ್ನು ಇಟ್ಟು ದೊಡ್ಡ ಸುತ್ತಿಗೆಯಿಂದ ಹೊಡೆದೆ. ಬೀಡುಕಬ್ಬಿಣ ಬಗ್ಗುವುದಿಲ್ಲ, ಒಡೆಯುತ್ತದೆ. ನಾಲ್ಕನೆಯ ಪೆಟ್ಟಿಗೆ ಮೂರು ಚೂರಾಯಿತು. ಅತ್ತೆ ಒಳಗಿನಿಂದ ಬಂದು ನೋಡಿ, “ಅಡ್ಡಿಲ್ಲೆ” ಎಂದು ಹಿಂದಿರುಗಿದರು. ಷೂಗಳ ಮೇಲಿನ ಹಳೆಯ ಲೈನಿಂಗನ್ನು ಯಾರಿಗೂ ಕೊಡಲಿಲ್ಲ. ಆ ಕಾಲದ ಲೈನಿಂಗಿನಲ್ಲಿ ಕಲ್ನಾರು ಬೆರೆಸುತ್ತಿದ್ದರು. ಅದರ ಧೂಳು ಶ್ವಾಸಕೋಶಕ್ಕೆ ಹೊಕ್ಕರೆ ವರ್ಷಗಟ್ಟಲೆ ತಡೆದು ಪ್ರಾಣ ತೆಗೆಯುತ್ತದೆ. ಗ್ಯಾರೇಜುಗಳಲ್ಲಿ ಹುಡುಗರು ಆ ಧೂಳನ್ನು ಗಾಳಿಯ ಕೊಳವೆಯಿಂದ ಊದುವುದನ್ನು ಕಂಡಾಗ ನನ್ನ ಎದೆ ಹಿಂಡುತ್ತದೆ. ಷೂಗಳನ್ನು ನೀರಿನಲ್ಲಿ ನೆನೆಸಿ, ಒದ್ದೆಯಾಗಿರುವಾಗಲೇ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟೆ. ಸಿಲಿಂಡರುಗಳ ಒಳಗಿನ ರಬ್ಬರು ಸೆಟೆದು ಹೋಗಿತ್ತು; ಅದನ್ನೂ ತೆಗೆದು ಎಸೆದೆ.

ಹುಬ್ಬಳ್ಳಿಯ ತರುಣ ಮುಂದಿನ ಭಾನುವಾರ ಹೇಳದೆ ಕೇಳದೆ ಬಂದ. ಜೊತೆಗೆ ಅವನ ತಂದೆ. ಮಳೆ ಜೋರಾಗಿತ್ತು, ಇಬ್ಬರೂ ಜಗಲಿಯ ಮೇಲೆ ಕುಳಿತರು, ಅತ್ತೆ ಕಾಫಿ ಕಳಿಸಿದರು. ಹುಡುಗ ಬಿಗಿದುಕೊಂಡೇ ಇದ್ದ. ನಾನು ಬರೆದಿಟ್ಟಿದ್ದ ಪಟ್ಟಿಯನ್ನು ಮುಂದಿಟ್ಟೆ: ಒಂದು ಡ್ರಮ್ಮು, ಒಳ ಅಗಲ 203.9, ಬಿರುಕಿಲ್ಲ, ಹಿಂಬದಿಯ ತಟ್ಟೆಗಳು ಎರಡು, ಒಂದರ ಅಂಚು ತುಕ್ಕು ಹಿಡಿದಿದೆ, ಸಿಲಿಂಡರುಗಳ ಕಬ್ಬಿಣದ ಭಾಗ ಮಾತ್ರ, ರಬ್ಬರು ಹೊಸದು ಹಾಕಿಸತಕ್ಕದ್ದು, ಸ್ಪ್ರಿಂಗುಗಳನ್ನು ಕೊಡುವುದಿಲ್ಲ, ಬಿಸಿಗೆ ಸಡಿಲಾಗಿವೆ, ಷೂ ಮತ್ತು ಲೈನಿಂಗು ಕೊಡುವುದಿಲ್ಲ. ಕೆಳಗೆ ನನ್ನ ಸಹಿ. ಒಟ್ಟು ಆರು ಸಾವಿರ.

“ಇನ್ನೊಂದು ಡ್ರಮ್ಮು?” ಎಂದ.

ಮೂರು ಚೂರುಗಳನ್ನು ತಂದಿಟ್ಟೆ. ಅವನು ಏನೂ ಹೇಳಲಿಲ್ಲ. ತಂದೆಯೇ ಒಂದು ಚೂರನ್ನು ಎತ್ತಿಕೊಂಡು, ಒಡೆದ ಅಂಚಿನ ಮೇಲೆ ಹೆಬ್ಬೆರಳಿಟ್ಟು ದಪ್ಪ ನೋಡಿದರು. ಚೆನ್ನಾಗಿರುವ ಡ್ರಮ್ಮಿನ ಬಾಯಿಯ ಮೇಲೆ ಅದೇ ಬೆರಳನ್ನಿಟ್ಟು ಮತ್ತೊಮ್ಮೆ ನೋಡಿದರು. ಮಗನ ಕಡೆಗೆ ಚೂರನ್ನು ಚಾಚಿ, “ಹಿಡಿ, ನೋಡು” ಎಂದರು. ಆಮೇಲೆ ನನ್ನತ್ತ ತಿರುಗಿ, ಇದನ್ನು ಎಷ್ಟಕ್ಕೆ ಕೇಳಿದ್ದ ಎಂದರು. ಹೇಳಿದೆ.

ಹಣ ಎಣಿಸಿ ಕೊಟ್ಟು, ಡ್ರಮ್ಮನ್ನು ಟವಲಿನಲ್ಲಿ ಸುತ್ತಿ, ಅವರು ಹೊರಟರು. ಶ್ರಾವಣಕ್ಕೆ ಕಾರು ಸಿದ್ಧವಾಗಲಿಲ್ಲವೆಂದೂ, ಗೋಕರ್ಣಕ್ಕೆ ಬಸ್ಸಿನಲ್ಲಿ ಹೋಗಿ ಬಂದರೆಂದೂ, ಕೊಯಮತ್ತೂರಿನಲ್ಲಿ ಒಂದು ಜೊತೆ ಡ್ರಮ್ಮು ಇದೆಯೆಂದು ಕೇಳಿ ಅಳತೆ ತರಿಸಿಕೊಳ್ಳುತ್ತಿದ್ದಾನೆಂದೂ ಆಮೇಲೆ ಫೋನಿನಲ್ಲಿ ತಿಳಿಯಿತು. ಮೇಸ್ತ್ರಿಗೆ ಆರು ಸಾವಿರ ಕೊಟ್ಟು, ಎಂಟು ಸಾವಿರಕ್ಕೆ ಎರಡು ತಿಂಗಳ ವಾಯಿದೆ ಕೇಳಿದ್ದೇನೆ. ಗುಜರಿಯವನು ಮತ್ತೆ ಬಂದಾಗ ಚೂರುಗಳನ್ನು ಅವನ ತಕ್ಕಡಿಗೆ ಹಾಕಿದೆ. ಒಡೆದದ್ದೇಕೆ ಎಂದು ಅವನು ಕೇಳಲಿಲ್ಲ. ನೂರಿಪ್ಪತ್ತು ರೂಪಾಯಿ ಕೊಟ್ಟು, ಕಾಫಿ ಕುಡಿದು ಹೋದ.